ಕಾಣದ ಕಪ್ಪೆಗೆ ನಾವು ಸಾಲಗಾರರೇ?

ಮಳೆ ಬಿದ್ದ ರಾತ್ರಿ ಬಚ್ಚಲುಮನೆಯ ಗೋಡೆಗೆ ಕಂದುಬಣ್ಣದ ಕಪ್ಪೆಯೊಂದು ಅಂಟಿಕೊಂಡು ಕುಳಿತಿರುವುದನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಅದರ ಬೆರಳುಗಳ ತುದಿ ಪುಟ್ಟ ಬಿಲ್ಲೆಯಂತೆ ದುಂಡಗಿರುತ್ತದೆ. ಆ ಬಿಲ್ಲೆಗಳ ಬಲದಿಂದಲೇ ಅದು ನುಣುಪಾದ ಗೋಡೆಯನ್ನೂ ಏರಬಲ್ಲದು. ಇದು ನಮ್ಮ ಬೆಂಗಳೂರಿನ ಸಾಮಾನ್ಯ ಮರಗಪ್ಪೆ. ವಿಜಯನಗರ, ರಾಜಾಜಿನಗರಗಳ ಮರಗಿಡವಿರುವ ಹಳೆಯ ಮನೆಗಳಿಗೂ ಕೆಂಗೇರಿಯ ಕಡೆಯ ಹೊಸ ಬಡಾವಣೆಗಳಿಗೂ ಅದು ತೇವವನ್ನು ಅರಸಿ ಬರುತ್ತದೆ. ಮಕ್ಕಳು ಚೀರುತ್ತಾರೆ, ಹಿರಿಯರು ಪೊರಕೆ ಹಿಡಿದು ಬರುತ್ತಾರೆ. ಮುಂದೇನಾಗುತ್ತದೆ ಎಂಬುದು ಆ ಮನೆಯವರ ಸ್ವಭಾವವನ್ನು ಅವಲಂಬಿಸಿರುತ್ತದೆ.

ಕಪ್ಪೆಗೆ ನಮ್ಮ ನಾಡಿನಲ್ಲಿ ಒಳ್ಳೆಯ ಹೆಸರಿಲ್ಲ. ಲೋಕಜ್ಞಾನವಿಲ್ಲದವನನ್ನು ಕೂಪಮಂಡೂಕ ಎನ್ನುತ್ತೇವೆ. ಮಾತು ನಿಲ್ಲಿಸದವನು ವಟಗುಟ್ಟುತ್ತಾನೆ ಎನ್ನುತ್ತೇವೆ. ಒಂದಾಗದ ಜನರನ್ನು ಕೂಡಿಸುವುದು ಕಪ್ಪೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿದಂತೆ ಎನ್ನುತ್ತೇವೆ. ಆದರೆ ಈ ಅಲ್ಪಜೀವಿಯ ಬಗ್ಗೆ ಪ್ರವಾದಿವರ್ಯರು(ಸ) ವಿಶೇಷವಾಗಿ ಮಾತನಾಡಿದ್ದಾರೆ ಎಂಬುದು ಎಷ್ಟು ಮಂದಿಗೆ ಗೊತ್ತು?

ಅಬೂದಾವೂದ್ ಹದೀಸ್ ಗ್ರಂಥದಲ್ಲಿ ಈ ಘಟನೆಯ ಉಲ್ಲೇಖವಿದೆ. ವೈದ್ಯನೊಬ್ಬನು ಪ್ರವಾದಿ(ಸ)ಯವರ ಬಳಿ ಒಂದು ಔಷಧದ ಪ್ರಸ್ತಾಪ ಮಾಡಿದನು. ಅದಕ್ಕೆ ಕಪ್ಪೆಯನ್ನು ಬಳಸಬಹುದೇ ಎಂದು ಕೇಳಿದನು. ಪ್ರವಾದಿ(ಸ)ಯವರು ಕಪ್ಪೆಯನ್ನು ಕೊಲ್ಲುವುದನ್ನು ನಿಷೇಧಿಸಿದರು. ಕಪ್ಪೆಯ ಮಾಂಸ ನಿಷಿದ್ಧವೆಂದು ಹೇಳುವ ವಿದ್ವಾಂಸರು ಈ ಹದೀಸನ್ನು ಆಧಾರವಾಗಿ ಮುಂದಿಡುತ್ತಾರೆ. ಮಾಲಿಕೀ ಮದ್‌ಹಬ್‌ನ ಅಭಿಪ್ರಾಯ ಬೇರೆಯಿದೆ. ಆ ಚರ್ಚೆ ಇಲ್ಲಿ ನಮ್ಮ ವಿಷಯವಲ್ಲ. ನಾವು ಗಮನಿಸಬೇಕಾದದ್ದು ಆ ಪ್ರಶ್ನೆಯ ಸ್ವರೂಪವನ್ನು. ಕೇಳಿದವನು ಬೇಟೆಯ ಮೋಜಿಗಾಗಿ ಕೇಳಲಿಲ್ಲ. ಕಾಯಿಲೆಯವರಿಗೆ ಔಷಧ ಮಾಡಲು ಕೇಳಿದನು. ಅಂದರೆ ಮನುಷ್ಯನ ಪ್ರಯೋಜನವನ್ನೇ ಮುಂದಿಟ್ಟುಕೊಂಡು ಕೇಳಿದನು. ಆದರೂ ಅನುಮತಿ ದೊರೆಯಲಿಲ್ಲ.

ಇದು ಇಂದಿನ ನಮ್ಮ ಯೋಚನಾಕ್ರಮಕ್ಕೆ ತೀರಾ ವಿರುದ್ಧವಾದುದು. ಯಾವುದಾದರೂ ಜೀವಿಯನ್ನು ಉಳಿಸಬೇಕೆಂದರೆ ನಾವು ಮೊದಲು ಕೇಳುವುದು, 'ಅದರಿಂದ ನಮಗೇನು ಲಾಭ?' ಎಂದು. ಒಂದು ಕಾಲದಲ್ಲಿ ನಮ್ಮ ದೇಶದಿಂದ ಕಪ್ಪೆಯ ಕಾಲುಗಳು ಹೇರಳವಾಗಿ ಪಾಶ್ಚಾತ್ಯ ದೇಶಗಳಿಗೆ ರಫ್ತಾಗುತ್ತಿದ್ದವು. 1987ರಲ್ಲಿ ಸರಕಾರ ಆ ರಫ್ತನ್ನು ನಿಷೇಧಿಸಿತು. ಕಪ್ಪೆಗಳು ಕಡಿಮೆಯಾದರೆ ಗದ್ದೆಯ ಕೀಟಗಳೂ ಸೊಳ್ಳೆಗಳೂ ಹೆಚ್ಚುತ್ತವೆ ಎಂಬ ವಾದ ಆಗ ಬಲವಾಗಿ ಕೇಳಿಬಂದಿತ್ತು. ನಿಷೇಧವಾದದ್ದು ಒಳ್ಳೆಯದೇ ಆಯಿತು. ಆದರೆ ಆ ವಾದದೊಳಗೆ ಒಂದು ಅಪಾಯ ಅಡಗಿದೆ. ಸೊಳ್ಳೆಗೆ ಬೇರೆ ಮದ್ದು ಸಿಕ್ಕ ದಿನ ಕಪ್ಪೆಯ ಪ್ರಾಣಕ್ಕೆ ಬೆಲೆ ಉಳಿಯುವುದಿಲ್ಲ. ಲಾಭದ ಮೇಲೆ ನಿಂತ ಕರುಣೆ ಲಾಭದೊಂದಿಗೇ ಮುಗಿದುಹೋಗುತ್ತದೆ. ವೈದ್ಯನಿಗೆ ದೊರೆತ ಉತ್ತರ ಇನ್ನೊಂದು ನೆಲೆಯದು. ಕಪ್ಪೆಯ ಪ್ರಾಣವು ನಮ್ಮ ಉಪಯೋಗಕ್ಕಾಗಿ ನಮ್ಮ ಕೈಗೆ ಕೊಟ್ಟ ವಸ್ತುವಲ್ಲ ಎಂಬುದೇ ಅದರ ಸಾರ.

ಇಷ್ಟನ್ನು ಒಪ್ಪಿಕೊಳ್ಳುವುದು ಕಷ್ಟವೇನಲ್ಲ. ಪೊರಕೆಯನ್ನು ಕೆಳಗಿಟ್ಟು, ಕಪ್ಪೆಯನ್ನು ಒಂದು ಮಗ್ಗಿನಿಂದ ಮುಚ್ಚಿ ತೆಗೆದು ಹೊರಗೆ ಬಿಟ್ಟರೆ ಮುಗಿಯಿತು. ಕಷ್ಟವಿರುವುದು ನಮ್ಮ ಪೊರಕೆಯ ಕೆಳಗೆ ಎಂದೂ ಬಾರದ ಕಪ್ಪೆಯ ವಿಷಯದಲ್ಲಿ. ಅಂಥ ಒಂದು ಕಪ್ಪೆಯನ್ನು ನಿಮಗೆ ಪರಿಚಯಿಸಬಯಸುತ್ತೇನೆ.

ನಮ್ಮ ಮನೆಗಳ ನಲ್ಲಿಯಲ್ಲಿ ಬರುವ ಕಾವೇರಿ ನೀರು ಹುಟ್ಟುವ ಕೊಡಗಿನಲ್ಲಿ, ಅದರ ನೆರೆಯ ವಯನಾಡಿನಲ್ಲಿ, ಪಶ್ಚಿಮ ಘಟ್ಟದ ತೇವದ ಕಾಡುಗಳಲ್ಲಿ ಮತ್ತು ಮರಗಳ ನೆರಳಿರುವ ಕಾಫಿ ತೋಟಗಳಲ್ಲಿ ಒಂದು ಪುಟ್ಟ ಹಾರುಗಪ್ಪೆ ವಾಸಿಸುತ್ತದೆ. ವಿಜ್ಞಾನಿಗಳು ಅದನ್ನು ರಾಕೊಫೋರಸ್ ಲ್ಯಾಟರಾಲಿಸ್ ಎಂದು ಕರೆಯುತ್ತಾರೆ. ಗಾತ್ರ ಸುಮಾರು ಮೂರು ಸೆಂಟಿಮೀಟರ್, ಎಂದರೆ ನಮ್ಮ ಹೆಬ್ಬೆರಳಿನ ತುದಿಯ ಗೆಣ್ಣಿನಷ್ಟು. ಬೆನ್ನು ಎಲೆಯಂತೆ ಹಸಿರು. ಎರಡು ಪಕ್ಕಗಳಲ್ಲಿ ಹಳದಿ ಗೆರೆ. ಬೆರಳುಗಳ ನಡುವೆ ತೆಳುವಾದ ಪೊರೆಯಿದೆ. ಇದರ ಬಳಗದ ಕಪ್ಪೆಗಳು ಮರದಿಂದ ಜಿಗಿದಾಗ ಆ ಪೊರೆಯನ್ನು ಹರಡಿಕೊಂಡು ಗಾಳಿಯಲ್ಲಿ ತೇಲುತ್ತಾ ಕೆಳಗಿಳಿಯುತ್ತವೆ. ಹಕ್ಕಿಯಂತೆ ಹಾರುವುದಿಲ್ಲ, ಆದರೂ ಹಾರುಗಪ್ಪೆ ಎಂಬ ಹೆಸರು ಬಂದಿದೆ.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಬೋಲೆಂಜರ್ ಎಂಬ ವಿಜ್ಞಾನಿ 1883ರಲ್ಲಿ ಈ ಕಪ್ಪೆಗೆ ಹೆಸರಿಟ್ಟರು. ಆ ಬಳಿಕ ನೂರಕ್ಕೂ ಹೆಚ್ಚು ವರ್ಷಗಳ ಕಾಲ ವಿಜ್ಞಾನಲೋಕಕ್ಕೆ ಅದರ ಸುದ್ದಿ ಇರಲಿಲ್ಲ. 2000ದಲ್ಲಿ ಅದು ಪುನಃ ಪತ್ತೆಯಾದ ವರದಿ ಪ್ರಕಟವಾಯಿತು. ಆ ನೂರು ವರ್ಷ ಕಪ್ಪೆ ಎಲ್ಲಿಗೂ ಹೋಗಿರಲಿಲ್ಲ. ಪ್ರತಿ ಮಳೆಗಾಲದಲ್ಲೂ ತನ್ನ ಕೆಲಸ ತಾನು ಮಾಡಿಕೊಂಡೇ ಇತ್ತು. ನೋಡುವ ಕಣ್ಣು ಮಾತ್ರ ಇರಲಿಲ್ಲ.

ಆ ಕೆಲಸವೇನು ಎಂಬುದನ್ನು ದೆಹಲಿ ವಿಶ್ವವಿದ್ಯಾನಿಲಯದ ವಿಜ್ಞಾನಿ ಎಸ್.ಡಿ. ಬಿಜು ಅವರು 2009ರಲ್ಲಿ, ನಮ್ಮ ಬೆಂಗಳೂರಿನಿಂದಲೇ ಪ್ರಕಟವಾಗುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ವಿವರಿಸಿದರು. ಮಳೆಗಾಲದಲ್ಲಿ ಹೆಣ್ಣುಕಪ್ಪೆಯು ನೀರಿನ ಮೇಲೆ ಬಾಗಿರುವ ಎಲೆಯೊಂದನ್ನು ಆರಿಸಿಕೊಂಡು ಅದರ ಮೇಲೆ ಮೊಟ್ಟೆಯಿಡುತ್ತದೆ. ಆಮೇಲೆ ಗಂಡು ಹೊರಟುಹೋಗುತ್ತದೆ. ಹೆಣ್ಣು ಒಂಟಿಯಾಗಿ, ತನ್ನ ಕಾಲುಗಳಿಂದಲೇ ಎಲೆಯ ಅಂಚುಗಳನ್ನು ಎಳೆದು ಮಡಿಸಿ, ಮೊಟ್ಟೆಗಳ ಸುತ್ತ ಒಂದು ಪುಟ್ಟ ಚೀಲ ಮಾಡುತ್ತದೆ. ಮೊಟ್ಟೆಗಳ ಸುತ್ತಲಿನ ಅಂಟಿನಿಂದ ಎಲೆ ಹಾಗೆಯೇ ಮುಚ್ಚಿಕೊಳ್ಳುತ್ತದೆ. ಒಳಗೆ ಬೆಳೆದ ಗೊದಮೊಟ್ಟೆಗಳು ಕಾಲ ಬಂದಾಗ ನೇರವಾಗಿ ಕೆಳಗಿನ ನೀರಿಗೆ ಬೀಳುತ್ತವೆ. ಸೂಜಿಯಿಲ್ಲ, ದಾರವಿಲ್ಲ, ಕಲಿಸುವವರಿಲ್ಲ. ಪ್ರತಿಯೊಂದು ಜೀವಿಯ ಆಹಾರದ ಹೊಣೆ ಅಲ್ಲಾಹನದು, ಅದು ನೆಲೆಸುವ ಎಡೆಯನ್ನೂ ಅದನ್ನು ಒಪ್ಪಿಸಿಡುವ ಎಡೆಯನ್ನೂ ಅವನು ಬಲ್ಲನು ಎಂಬರ್ಥದ ಸೂಕ್ತವೊಂದು ಸೂರಃ ಹೂದ್‌ನಲ್ಲಿದೆ. ಅದನ್ನು ಓದುವಾಗ ಈ ಎಲೆಯ ಚೀಲ ನೆನಪಾಗದಿರುವುದಿಲ್ಲ.

ಈಗ ಈ ಜೀವಿಯ ಬದುಕು ಎಷ್ಟು ನಾಜೂಕಾದ ಲೆಕ್ಕದ ಮೇಲೆ ನಿಂತಿದೆ ಎಂಬುದನ್ನು ಗಮನಿಸಿರಿ. ಮಳೆ ಹೊತ್ತಿಗೆ ಸರಿಯಾಗಿ ಬರಬೇಕು. ನೀರು ನಿಂತಿರಬೇಕು. ಆ ನೀರಿನ ಮೇಲೆಯೇ ಎಲೆ ಬಾಗಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಆ ವರ್ಷದ ಸಂತಾನವಿಲ್ಲ. ಅಲ್ಲದೆ ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರಿಕೊಳ್ಳುತ್ತದೆ. ಉಸಿರಾಟದ ಒಂದು ಪಾಲೂ ಚರ್ಮದ ಮೂಲಕವೇ ನಡೆಯುತ್ತದೆ. ಆದುದರಿಂದ ತೋಟಕ್ಕೆ ಹೊಡೆದ ಕೀಟನಾಶಕ ನೀರಿಗಿಳಿದರೆ ಅದು ನೇರವಾಗಿ ಕಪ್ಪೆಯ ಒಡಲಿಗೆ ಇಳಿದಂತೆ.

ಕಾಡು ತೋಟವಾಯಿತು. ಅನೇಕ ತೋಟಗಳಲ್ಲಿ ನಾಡಮರಗಳ ನೆರಳು ಹೋಗಿ ಸಿಲ್ವರ್ ಓಕ್ ಬಂತು. ರಸ್ತೆಗಳೂ ರೆಸಾರ್ಟುಗಳೂ ಬಂದವು. ಐಯುಸಿಎನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ಈ ಹಾರುಗಪ್ಪೆಯನ್ನು ಅಳಿವಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದೆ. ಇದೊಂದರ ಕಥೆಯಲ್ಲ ಇದು. ಜಗತ್ತಿನ 8,000ಕ್ಕೂ ಹೆಚ್ಚು ಬಗೆಯ ಕಪ್ಪೆ ಮುಂತಾದ ಉಭಯವಾಸಿಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನೂರರಲ್ಲಿ ಸುಮಾರು 41 ಬಗೆಗಳು ಅಳಿವಿನ ಅಪಾಯದಲ್ಲಿವೆ.

ಇಲ್ಲಿಗೆ ನಮ್ಮ ನಿಜವಾದ ಪ್ರಶ್ನೆ ಎದುರಾಗುತ್ತದೆ. ಈ ಪಾಠವನ್ನು ಹೇಳಿದರೆ ಮದ್ರಸದ ಯಾವ ಚುರುಕು ಹುಡುಗನೂ ಎದ್ದುನಿಂತು ಕೇಳಬಹುದು: "ಹಝ್ರತ್, ಕೊಲ್ಲಬಾರದು ಎಂದದ್ದು ಸರಿ. ಆದರೆ ಆ ಕಪ್ಪೆಯನ್ನು ನಾವು ಕೊಂದಿಲ್ಲವಲ್ಲ?" ನಿಜವೇ. ಕೊಡಗಿನ ಹಾರುಗಪ್ಪೆಯ ಮೇಲೆ ಯಾರೂ ಕೋಲೆತ್ತಿಲ್ಲ. ತೋಟದವನು ಬೆಳೆ ಉಳಿಸಿಕೊಳ್ಳಲು ಔಷಧ ಹೊಡೆದನು. ಇನ್ನೊಬ್ಬನು ಸಾಲ ತೀರಿಸಲು ಮರ ಮಾರಿದನು. ಮತ್ತೊಬ್ಬನು ರಸ್ತೆ ಮಾಡಿದನು. ನಾವು ರಜೆಗೆ ಹೋಗಿ ಅಲ್ಲಿ ಉಳಿದು ಬಂದೆವು. ಎಲ್ಲರೂ ತಮ್ಮ ತಮ್ಮ ಕೆಲಸ ಮಾಡಿದರು, ಕಪ್ಪೆ ಇಲ್ಲವಾಗುತ್ತಿದೆ. ಹೊಡೆದ ಕೈ ಇಲ್ಲದಿದ್ದರೆ ಪಾಪ ಯಾರದು? ಅಥವಾ ಪಾಪವೇ ಇಲ್ಲವೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ನಮಗೆಲ್ಲ ಬಾಲ್ಯದಿಂದ ಪರಿಚಿತವಾದ ಎರಡು ಕಥನಗಳು ಸಾಕು.

ಮೊದಲನೆಯದು ಸೂರಃ ಅನ್ನಮ್ಲ್‌ನಲ್ಲಿ ಬರುವ ಇರುವೆಯ ಪ್ರಸಂಗ. ಪ್ರವಾದಿ ಸುಲೈಮಾನ್(ಅ)ರ ಸೇನೆ ಇರುವೆಗಳ ಕಣಿವೆಗೆ ಬಂದಾಗ ಒಂದು ಇರುವೆ ತನ್ನವರನ್ನು ಎಚ್ಚರಿಸುತ್ತದೆ. ಗೂಡುಗಳೊಳಗೆ ಹೊಕ್ಕುಬಿಡಿ, ಸೇನೆಯು ಅರಿಯದೆ ನಿಮ್ಮನ್ನು ತುಳಿದುಬಿಡಬಹುದು ಎಂಬುದು ಅದರ ಮಾತಿನ ಅರ್ಥ. 'ಅರಿಯದೆ' ಎಂಬ ಆ ಒಂದು ಮಾತನ್ನು ಗಮನಿಸಬೇಕು. ತನ್ನ ಕುಲವೇ ಕಾಲಡಿ ಬೀಳಲಿರುವಾಗಲೂ ಇರುವೆ ಸೇನೆಯ ಮೇಲೆ ಕ್ರೌರ್ಯದ ಆರೋಪ ಹೊರಿಸಲಿಲ್ಲ. ಅರಿಯದವನಿಗೆ ವಿನಾಯಿತಿಯಿದೆ ಎಂದು ಅದಕ್ಕೂ ಗೊತ್ತಿತ್ತು. ಆದರೆ ಸುಲೈಮಾನ್(ಅ)ರು ಆ ಮಾತನ್ನು ಕೇಳಿಸಿಕೊಂಡರು. ಮುಗುಳ್ನಕ್ಕರು, ತನಗೆ ದೊರೆತ ಅನುಗ್ರಹಕ್ಕೆ ಕೃತಜ್ಞನಾಗುವಂತೆಯೂ ಸತ್ಕರ್ಮವೆಸಗುವಂತೆಯೂ ಮಾಡೆಂದು ಪ್ರಾರ್ಥಿಸಿದರು. ಸೇನೆ ಮುಂದೆ ಏನು ಮಾಡಿತು ಎಂದು ಕುರ್‌ಆನ್ ವಿವರಿಸುವುದಿಲ್ಲ. ಆದರೆ ಹೀಗೆ ಪ್ರಾರ್ಥಿಸಿದವರು ಆ ಇರುವೆಗಳ ಮೇಲೆಯೇ ಸೇನೆ ನಡೆಸಿದರೆಂದು ಯಾರಾದರೂ ಊಹಿಸಬಲ್ಲರೇ? ಕೇಳಿಸುವವರೆಗೆ ಮಾತ್ರ 'ಅರಿಯದೆ' ಎಂಬ ವಿನಾಯಿತಿ. ನಮ್ಮ ಅಜ್ಜಂದಿರಿಗೆ ಕೊಡಗಿನ ಕಪ್ಪೆಯ ಸುದ್ದಿ ತಿಳಿದಿರಲಿಲ್ಲ. ನಮಗೆ ತಿಳಿದಿದೆ. ಇರುವೆಯ ಮಾತನ್ನು ಇಂದು ವಿಜ್ಞಾನಿಗಳು ನಮ್ಮ ಕಿವಿಗೆ ತಲುಪಿಸಿದ್ದಾರೆ.

ಎರಡನೆಯದು ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿರುವ ಬೆಕ್ಕಿನ ಹದೀಸ್. ಒಂದು ಬೆಕ್ಕಿನ ನಿಮಿತ್ತ ಒಬ್ಬ ಸ್ತ್ರೀ ಶಿಕ್ಷೆಗೆ ಗುರಿಯಾದಳೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಮಕ್ಕಳಿಗೆ ಈ ಕಥೆ ಹೇಳುವಾಗ ನಾವು ಆಕೆ ಬೆಕ್ಕಿಗೆ ಹೊಡೆದಳೋ ಎಂಬಂತೆ ಹೇಳುತ್ತೇವೆ. ಹದೀಸ್‌ನಲ್ಲಿ ಹೊಡೆತದ ಮಾತಿಲ್ಲ. ಆಕೆ ಅದನ್ನು ಕೂಡಿಹಾಕಿದಳು. ತಾನೂ ಅನ್ನನೀರು ಕೊಡಲಿಲ್ಲ, ನೆಲದ ಮೇಲಿನ ಹುಳುಹುಪ್ಪಟೆ ತಿಂದು ಬದುಕಿಕೊಳ್ಳಲೂ ಬಿಡಲಿಲ್ಲ. ಅದರ ಜೀವನಮಾರ್ಗವನ್ನು ಮುಚ್ಚಿದ್ದೇ ಆಕೆಯ ಅಪರಾಧ. ಕೊಲ್ಲುವ ಕೈ ಇಲ್ಲದೆಯೂ ಕೊಲೆಯಾಗಬಹುದೆಂದು ಈ ಹದೀಸ್ ಸ್ಪಷ್ಟವಾಗಿ ಕಲಿಸುತ್ತದೆ. ಈಗ ಬೆಕ್ಕಿನ ಸ್ಥಾನದಲ್ಲಿ ಒಂದು ಕಪ್ಪೆಯನ್ನೂ, ಮುಚ್ಚಿದ ಬಾಗಿಲಿನ ಸ್ಥಾನದಲ್ಲಿ ಮಣ್ಣು ತುಂಬಿ ಮುಚ್ಚಿದ ನೀರಿನ ಹೊಂಡವನ್ನೂ ಇಟ್ಟು ನೋಡಿರಿ. ವ್ಯತ್ಯಾಸವೆಷ್ಟು?

ವ್ಯತ್ಯಾಸ ಇದ್ದೇ ಇದೆ, ಅದನ್ನು ಮರೆಮಾಚಬಾರದು. ಆಕೆ ಒಬ್ಬಳೇ ಬಾಗಿಲು ಮುಚ್ಚಿದಳು, ತಿಳಿದೇ ಮುಚ್ಚಿದಳು. ಕಪ್ಪೆಯ ಬಾಗಿಲನ್ನು ಸಾವಿರಾರು ಜನ ಒಂದೊಂದು ಬೆರಳಿನಷ್ಟು ತಳ್ಳಿ ಮುಚ್ಚಿದ್ದಾರೆ. ಆದುದರಿಂದ ಪ್ರತಿಯೊಬ್ಬನ ಹೊಣೆಯೂ ಅವನ ಬೆರಳಿನಷ್ಟೇ. ಆದರೆ ಬೆರಳಿನಷ್ಟು ಹೊಣೆ ಸೊನ್ನೆಯಲ್ಲ. ಅಣುವಿನಷ್ಟು ಒಳಿತನ್ನೂ ಅಣುವಿನಷ್ಟು ಕೆಡುಕನ್ನೂ ಕಾಣಲಿದ್ದೇವೆಂದು ನಂಬಿದವರು ನಾವು.

ವಿಜಯನಗರದ ಇಪ್ಪತ್ತು ಮೂವತ್ತರ ಸೈಟಿನ ಮನೆಯಲ್ಲಿರುವ ನಮ್ಮ ಬೆರಳು ಆ ಬಾಗಿಲಿನ ಮೇಲೆ ಎಲ್ಲಿದೆ? ಇಲ್ಲಿ ಉತ್ಪ್ರೇಕ್ಷೆ ಸಲ್ಲದು. ನೀವು ಒಂದು ಬಕೆಟ್ ನೀರು ಉಳಿಸಿದರೆ ಕೊಡಗಿನಲ್ಲಿ ಒಂದು ಕಪ್ಪೆ ಬದುಕುತ್ತದೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ನಮ್ಮ ನೀರನ್ನು ಎತ್ತುವುದು ಕಪ್ಪೆಯ ಕಾಡಿನಿಂದ ಬಹಳ ಕೆಳಗೆ, ತೊರೆಕಾಡನಹಳ್ಳಿಯ ಬಳಿ. 1974ರಲ್ಲಿ ಮೊದಲನೆಯ ಹಂತ, 2024ರಲ್ಲಿ ಐದನೆಯ ಹಂತ ಎಂದು ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ ಬೆಟ್ಟದೆತ್ತರಕ್ಕೆ ಏರಿ ನಮ್ಮ ಸಂಪುಗಳಿಗೆ ಬರುತ್ತಿದೆ. ಇದರಿಂದ ಕಪ್ಪೆಗೆ ನೇರ ಹಾನಿಯಿಲ್ಲ. ಆದರೆ ಮಳೆಯನ್ನು ಹಿಡಿದಿಟ್ಟು ಹೊಳೆಗೆ ಹನಿಹನಿಯಾಗಿ ಬಿಡುವುದು ಅದೇ ಕಾಡು, ಕಪ್ಪೆಯ ಮನೆಯಾಗಿರುವ ಕಾಡು. ಆ ಕಾಡಿನ ಅನ್ನ ಉಂಡವರು ನಾವು. ನಮ್ಮದು ಮೊದಲಿಗೆ ಕೃತಜ್ಞತೆಯ ಸಾಲ. ಹಾನಿಯ ಸಾಲವೂ ಇದೆ. ವಾರದ ಕೊನೆಗೆ ಬೆಂಗಳೂರಿನಿಂದ ಸಾಲುಗಟ್ಟಿ ಕೊಡಗಿಗೆ ಹೊರಡುವ ಕಾರುಗಳು ಯಾರವು? ಗುಡ್ಡ ಕಡಿದು ಕಟ್ಟಿದ ಕಟ್ಟಡಗಳಲ್ಲಿ ಉಳಿಯುವವರು ಯಾರು?

ನಮ್ಮ ಕಣ್ಣೆದುರಿನ ಸಾಕ್ಷಿ ವೃಷಭಾವತಿ. ನಗರದೊಳಗೇ ಹುಟ್ಟಿ ಮೈಸೂರು ರಸ್ತೆಯ ಪಕ್ಕದಲ್ಲಿ ಹರಿದು ಕೆಂಗೇರಿಯನ್ನು ದಾಟುವ ಈ ಹೊಳೆಯನ್ನು ನಾವು ಮೋರಿ ಎಂದೇ ಕರೆಯುತ್ತೇವೆ. ಅದು ಮುಂದೆ ಅರ್ಕಾವತಿಯನ್ನು ಸೇರುತ್ತದೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಕಪ್ಪೆಯ ನಾಡಿನಿಂದ ಶುಚಿಯಾಗಿ ಹೊರಟ ನೀರನ್ನು ನಾವು ಯಾವ ರೂಪದಲ್ಲಿ ಅದೇ ನದಿಗೆ ಹಿಂದಿರುಗಿಸುತ್ತಿದ್ದೇವೆ ನೋಡಿರಿ. ಅತಿಥಿಗೆ ತಟ್ಟೆ ತುಂಬ ಊಟ ಕೊಟ್ಟ ಮನೆಗೆ ಎಂಜಲು ತಟ್ಟೆಯನ್ನು ತೊಳೆಯದೆ ಕಳುಹಿಸಿದಂತೆ ಅಲ್ಲವೇ ಇದು?

ಇದಕ್ಕೆ ಬರುವ ಆಕ್ಷೇಪಗಳು ಗೊತ್ತಿರುವವೇ. 'ಮನುಷ್ಯರ ಮಕ್ಕಳೇ ಹಸಿದಿರುವಾಗ ಕಪ್ಪೆಯ ಚಿಂತೆಯೇ?' ಎನ್ನುತ್ತಾರೆ. ಹಸಿದ ಮಗುವಿನ ಹಕ್ಕು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ತೋಟದ ಕೂಲಿಯವನ ಒಲೆ ಆರಿಸಿ ಕಪ್ಪೆಯನ್ನು ಉಳಿಸೆಂದು ಧರ್ಮ ಹೇಳುವುದಿಲ್ಲ. ಆದರೆ ನಿಜ ಹೇಳಿರಿ, ಕಪ್ಪೆಯ ಕಾಡು ಹೋದದ್ದು ಹಸಿದ ಮಗುವಿನ ಅನ್ನಕ್ಕಾಗಿಯೇ? ಎಷ್ಟು ಭಾಗ ಅವಶ್ಯಕತೆಗೆ ಹೋಯಿತು, ಎಷ್ಟು ಭಾಗ ದುಂದಿಗೆ ಹೋಯಿತು? ಅವಶ್ಯಕತೆಗೆ ಧರ್ಮದಲ್ಲಿ ರಿಯಾಯಿತಿಯಿದೆ, ಇಸ್ರಾಫ್‌ಗೆ ಇಲ್ಲ. ಬಡವನ ಹೆಸರನ್ನು ಮುಂದೆ ಮಾಡಿ ನಮ್ಮ ದುಂದನ್ನು ಕಾಪಾಡಿಕೊಳ್ಳುವುದು ಬಡವನಿಗೂ ಮಾಡುವ ಅನ್ಯಾಯ. ಬಾಯಾರಿದ ನಾಯಿಗೆ ನೀರು ಕೊಟ್ಟವನ ಪಾಪ ಮನ್ನಿಸಲ್ಪಟ್ಟಿತೆಂಬ ಹದೀಸನ್ನು ಓದುವ ನಾವು, ಕರುಣೆಯು ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಕಡಿಮೆಯಾಗುವ ರೇಷನ್ ಸಕ್ಕರೆಯಲ್ಲ ಎಂಬುದನ್ನು ತಿಳಿದಿರಬೇಕು.

'ಎಲ್ಲ ಜೀವಿಗಳ ಆಹಾರದ ಹೊಣೆ ಅಲ್ಲಾಹನದೇ ಆಗಿರುವಾಗ ನಾವೇಕೆ ಚಿಂತಿಸಬೇಕು?' ಎಂದು ಕೇಳುವವರೂ ಇದ್ದಾರೆ. ಆ ಬೆಕ್ಕಿನ ಆಹಾರದ ಹೊಣೆಯೂ ಅಲ್ಲಾಹನದೇ ಆಗಿತ್ತು. ನೆಲದ ಮೇಲೆ ಅದಕ್ಕೆ ಬೇಕಾದುದನ್ನು ಅವನು ಇಟ್ಟಿದ್ದನು. ಆದರೂ ಆ ಸ್ತ್ರೀ ವಿಚಾರಣೆಗೊಳಗಾದಳು. ಏಕೆಂದರೆ ಅವನು ತೆರೆದಿಟ್ಟ ಬಾಗಿಲನ್ನು ಆಕೆ ಮುಚ್ಚಿದಳು. ಅಲ್ಲಾಹನ ವಾಗ್ದಾನವು ನಮ್ಮ ಅಪರಾಧಕ್ಕೆ ಅಡಗುತಾಣವಾಗಲಾರದು.

ಮೂರನೆಯ ಆಕ್ಷೇಪ, ಕಾಡನ್ನು ಸುಮ್ಮನೆ ಬಿಡುವುದು ನಷ್ಟವೆಂಬುದು. ಪ್ರವಾದಿವರ್ಯರು(ಸ) ಮದೀನಾದ ಸುತ್ತಲಿನ ನೆಲವನ್ನು ರಕ್ಷಿತವೆಂದು ಸಾರಿ, ಅಲ್ಲಿ ಮರ ಕಡಿಯುವುದನ್ನೂ ಬೇಟೆಯನ್ನೂ ನಿಷೇಧಿಸಿದ್ದರು. ನೀರೂ ಹಸಿರೂ ವಿರಳವಾಗಿದ್ದ ನಾಡಿನಲ್ಲಿ ಅದು ಸಣ್ಣ ತ್ಯಾಗವಲ್ಲ. ಮನುಷ್ಯನ ಕೈ ತಾಗದ ಒಂದಷ್ಟು ನೆಲ ಇರುವುದು ನಷ್ಟವಲ್ಲವೆಂದು ಆ ಆದರ್ಶ ತೋರಿಸುತ್ತದೆ.

ಹಾಗಾದರೆ ನಾವು ಮಾಡಬೇಕಾದದ್ದೇನು? ಎಲ್ಲರೂ ಕೊಡಗಿಗೆ ಹೋಗಿ ಕಪ್ಪೆ ಕಾಯಬೇಕಾಗಿಲ್ಲ. ಹೋಗುವುದನ್ನು ಕಡಿಮೆ ಮಾಡಿದರೂ ಒಂದು ಉಪಕಾರವೇ. ಹೋದರೆ ಗುಡ್ಡ ಕಡಿಯದೆ, ತೊರೆ ಮುಚ್ಚದೆ ಕಟ್ಟಿದ ಮನೆಯಲ್ಲಿ ಉಳಿಯಿರಿ. ಕೊಡಗಿನಲ್ಲಿ ತೋಟ ಮಾಡುವ ಬಂಧುಗಳು ನಮ್ಮಲ್ಲೂ ಅನೇಕರಿದ್ದಾರೆ. ಹೊಂಡದ ಅಂಚಿನ ಗಿಡಗಳನ್ನು ಸವರದಿರುವುದು, ನೀರಿನ ಬಳಿ ಔಷಧ ಹೊಡೆಯದಿರುವುದು, ನಾಡಮರದ ನೆರಳನ್ನು ಉಳಿಸುವುದು ಅವರ ಕೈಯಲ್ಲಿದೆ. ಹಾರುಗಪ್ಪೆ ತೋಟದಲ್ಲೂ ಬದುಕಬಲ್ಲದು ಎಂಬುದು ಈ ಕಥೆಯಲ್ಲಿರುವ ಆಶಾಕಿರಣ. ಅದು ನಮ್ಮನ್ನು ಪೂರ್ತಿ ತೊಲಗೆಂದು ಕೇಳುತ್ತಿಲ್ಲ, ನೀರಿನ ಮೇಲೆ ಬಾಗಿದ ಒಂದು ಎಲೆಯನ್ನು ಬಿಟ್ಟುಕೊಡೆಂದು ಕೇಳುತ್ತಿದೆ.

ನಗರದಲ್ಲಿರುವ ನಮಗೂ ಕೆಲಸವಿದೆ. ಪ್ರವಾದಿವರ್ಯರು(ಸ) ಒಂದು ಮುದ್ದ್, ಎಂದರೆ ಹೆಚ್ಚುಕಡಿಮೆ ಒಂದು ಲೀಟರು ನೀರಿನಲ್ಲಿ ವುಝೂ ಮಾಡುತ್ತಿದ್ದರು. ನಮ್ಮ ಮಸೀದಿಗಳ ಹೌಝ್‌ಗಳ ಬಳಿ, ನಲ್ಲಿಗಳ ಬಳಿ ಒಮ್ಮೆ ನಿಂತು ನೋಡಿರಿ. ಆ ನೀರನ್ನು ಮೋರಿಗೆ ಬಿಡುವ ಬದಲು ಮಸೀದಿಯ ಅಂಗಳದ ಗಿಡಗಳಿಗೆ ತಿರುಗಿಸಿದರೆ ಅಲ್ಲಿಯೇ ನಾಲ್ಕು ಕಪ್ಪೆಗಳಿಗೆ ತಂಪಾಗುತ್ತದೆ. ಹೀಗೆ ಮಾಡಿದರೆ ಕೊಡಗಿನ ಕಪ್ಪೆ ಉಳಿಯುತ್ತದೆಂದಲ್ಲ. ಅಮಾನತ್ತಿನ ಅಭ್ಯಾಸ ಹತ್ತಿರದಿಂದಲೇ ಆರಂಭವಾಗಬೇಕು ಎಂದು. ಮನೆಯ ಮೋರಿಯನ್ನು ಕಾಣದವನಿಗೆ ದೂರದ ತೊರೆ ಹೇಗೆ ಕಂಡೀತು?

ಆ ಪುಟ್ಟ ಕಪ್ಪೆಯನ್ನು ನಮ್ಮಲ್ಲಿ ಹೆಚ್ಚಿನವರು ಎಂದೂ ನೋಡಲಾರೆವು. ಅದಕ್ಕೂ ನಮ್ಮ ಹೆಸರು ಗೊತ್ತಿಲ್ಲ. ಅದು ಉಳಿದರೆ ನಮಗೆ ಕೃತಜ್ಞತೆ ಹೇಳುವುದಿಲ್ಲ, ಅಳಿದರೆ ದೂರು ಕೊಡುವುದಿಲ್ಲ. ಕೇಳುವವರಿಲ್ಲದ ಕಡೆ, ಲಾಭವಿಲ್ಲದ ಕಡೆ, ಮೆಚ್ಚುವವರಿಲ್ಲದ ಕಡೆ ಹಕ್ಕನ್ನು ಸಲ್ಲಿಸುವುದೇ ಅಲ್ಲವೇ ನಿಷ್ಠೆಯ ಪರೀಕ್ಷೆ? ನೋಡುವವನು ಅಲ್ಲಾಹನೊಬ್ಬನೇ ಆಗಿರುವಲ್ಲಿ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದರಿಂದಲೇ ನಮ್ಮ ಈಮಾನ್ ಅಳೆಯಲ್ಪಡುತ್ತದೆ. ಮಳೆಗಾಲದ ಕತ್ತಲೆಯಲ್ಲಿ ಎಲೆ ಮಡಿಸುವ ಆ ತಾಯಿಯನ್ನೂ ಅವನು ನೋಡುತ್ತಿದ್ದಾನೆ, ನಮ್ಮನ್ನೂ ನೋಡುತ್ತಿದ್ದಾನೆ. ಅವನು ತೆರೆದಿಟ್ಟ ಬಾಗಿಲುಗಳನ್ನು ಮುಚ್ಚುವವರ ಸಾಲಿನಲ್ಲಿ ನಮ್ಮನ್ನು ಸೇರಿಸದಿರಲಿ. ಆಮೀನ್.